ರಾಕೆಟ್ಟಿಗಿಟ್ಟ ಕುಂಕುಮ

ಪೆಟ್ಟಿಗೆಯ ಮುಚ್ಚಳ ತೆಗೆದ ನಯನ, ಕೈಗವಸು ತೊಟ್ಟ ಕೈಯನ್ನು ಹಾಗೇ ಹಿಂದಕ್ಕೆ ಎಳೆದುಕೊಂಡಳು. ಒಳಗೆ ಸಾಲಾಗಿ ಜೋಡಿಸಿದ್ದ ಅಲ್ಯುಮಿನಿಯಂ ವಾಲ್ವುಗಳ ನೆತ್ತಿಯ ಮೇಲೆಲ್ಲ ಒಂದೊಂದು ಕುಂಕುಮದ ಬೊಟ್ಟು.

"ಇದೇನ್ರಿ ಕನಕರಾಜು?"

"ನಮ್ಮನೆಯವ್ಳು ಇಕ್ಕವ್ಳೆ ಮೇಡಂ. ಮೊದಲ್ನೇ ಮಾಲು, ಬರೀ ಅಣೇಲಿ ಕಳಿಸ್ಬಾರ್ದು ಅಂತ."

ಮದ್ದೂರಿನ ಆ ವರ್ಕ್‌ಶಾಪಿನಲ್ಲಿ ಅಲ್ಲಿಯವರೆಗೆ ಆಲೆಮನೆಗಳ ಗಾಣದ ಚಕ್ರಗಳಷ್ಟೇ ರಿಪೇರಿಯಾಗುತ್ತಿದ್ದವು. ಬೆಂಗಳೂರಿನ ಖಾಸಗಿ ರಾಕೆಟ್ ಕಂಪನಿಯೊಂದು ಮೊದಲ ಬಾರಿಗೆ ಆರ್ಡರು ಕೊಟ್ಟಿತ್ತು. ಮಾಲು ಪಾಸಾದರೆ ಮುಂದಿನ ಕೆಲಸವೂ ಇಲ್ಲಿಗೇ. ಪಾಸು ಮಾಡಬೇಕಾದವಳು ಕಂಪನಿಯ ನಯನ.

"ಇದು ಆಕ್ಸಿಜನ್ ಹರಿಯೋ ವಾಲ್ವು. ಪುಡಿಯೋ ಎಣ್ಣೆಯೋ ಚೂರು ಒಳಗೆ ಸೇರಿದ್ರೂ ಸಾಕು, ರಾಕೆಟ್ಟೇ ಉರಿದುಹೋಗುತ್ತೆ."

"ಒರೆಸ್ಕೊಡ್ತೀನಿ ಬುಡಿ."

"ಒಳಗಿನ ತೂತುಗಳಿಗೆ ಇಳಿದಿರುತ್ತೆ. ತಗೊಳ್ಳೋ ಹಾಗಿಲ್ಲ, ಅಷ್ಟೂ ರಿಜೆಕ್ಟು."

ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಕನಕರಾಜುವಿನ ಹೆಂಡತಿ ಭಾಗ್ಯಲಕ್ಷ್ಮಿಯ ಮುಖ ಕಪ್ಪಿಟ್ಟಿತು. "ಆಯುಧಪೂಜೇಲಿ ಲೇತಿಗೂ ಇಕ್ತೀವಿ, ಬಸ್ಸಿಗೂ ಇಕ್ತಾರೆ. ಯಾವ್ದು ಉರ್ದೋಯ್ತು ಯೇಳವ್ವ?"

"ಬಸ್ಸು ಕೆಟ್ಟರೆ ಇಳಿದು ಇನ್ನೊಂದು ಬಸ್ಸು ಹತ್ತಬಹುದಲ್ವಾ ಅಕ್ಕ," ಎಂದಳು ನಯನ.

ಆದರೆ ಒಂದು ವಾಲ್ವನ್ನು ಎತ್ತಿ ಅಳೆದು ನೋಡಿದಾಗ ಅವಳಿಗೇ ಬೇಸರವಾಯಿತು. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಮೊಬೈಲು ತೆಗೆದು ಒಂದು ಚಿತ್ರ ತೋರಿಸಿದಳು: ಮುಚ್ಚಳವಿರುವ ಬೆರಳುದ್ದದ ಡಬ್ಬಿ.

"ಇದನ್ನಾದರೂ ಮಾಡಿಕೊಡ್ತೀರಾ? ಇನ್ನೂರು ಬೇಕು."

"ಇದ್ಯಾತಕ್ಕೆ ಮೇಡಂ?"

ನಯನ ಮೊಬೈಲಿನಿಂದ ಕಣ್ಣೆತ್ತಲಿಲ್ಲ. "ಕಂಪನಿಯ ಹೊಸ ಸ್ಕೀಮು. ದುಡ್ಡು ಕಟ್ಟಿದ ಭಕ್ತರ ಮನೆದೇವರ ಕುಂಕುಮವನ್ನ ಇದರಲ್ಲಿ ತುಂಬಿ, ಭೂಮಿ ಸುತ್ತ ಪ್ರದಕ್ಷಿಣೆ ಹಾಕಿಸ್ತಾರೆ."

"ಇದೇ ರಾಕೆಟ್ಟಲ್ಲೇನಾ?"

"ಇದೇ ರಾಕೆಟ್ಟಲ್ಲೇ."

"ಅಂಗಾರೆ ಪುಗಸಟ್ಟೆ ಇಕ್ಕಿದ್ ಕುಂಕುಮ ಮಾತ್ರ ಉರಿಯೋದು ಅನ್ನಿ," ಎಂದಳು ಭಾಗ್ಯಲಕ್ಷ್ಮಿ.

"ಸುಮ್ಕಿರಮ್ಮಿ! ಮಾಡ್ಕೊಡ್ತೀನಿ ಮೇಡಂ."

"ಒಂದೇ ಷರತ್ತು. ಈ ಡಬ್ಬಿಗಳ ಹತ್ತಿರ ಕುಂಕುಮ ಸುಳಿಯಬಾರದು. ತುಂಬೋದು, ಸೀಲ್ ಮಾಡೋದು ಎಲ್ಲ ನಮ್ಮಲ್ಲೇ. ಇನ್ನೊಂದು ಸಲ ಹೀಗಾದರೆ ಕಂಪನಿಯಲ್ಲಿ ನಿಮ್ಮ ಹೆಸರು ಹೇಳೋಕೂ ನನಗೆ ಬಾಯಿರಲ್ಲ."

ಮರುದಿನ ಕನಕರಾಜು ಪೇಟೆಯಲ್ಲಿ ಬರೆಸಿ ತಂದ ಬೋರ್ಡನ್ನು ವರ್ಕ್‌ಶಾಪಿನ ಬಾಗಿಲಿಗೆ ಜಡಿದ: 'ಒಳಗೆ ಕುಂಕುಮ ತರಬಾರದು.' ಹಿಂದೆ ಸರಿದು, ನೆಟ್ಟಗಿದೆಯೇ ಎಂದು ನೋಡಿದ. ನೆಟ್ಟಗೇ ಇತ್ತು. ಆದರೂ ಹೊಸ ಬೋರ್ಡು, ಏನೋ ಬೋಳುಬೋಳು ಅನ್ನಿಸಿತು. ಹೆಂಡತಿಯನ್ನು ಕೂಗಿ ಕುಂಕುಮದ ಭರಣಿ ತರಿಸಿದ. ನಾಲ್ಕು ಮೂಲೆಗೂ ಬೊಟ್ಟಿಟ್ಟು ಕೈಮುಗಿದ. ಬೆರಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ ಒಳಗೆ ಹೋಗಿ, ಮೊದಲ ಡಬ್ಬಿಯ ಅಲ್ಯುಮಿನಿಯಂ ತುಂಡನ್ನು ಕೈಗೆತ್ತಿಕೊಂಡ.