ದಪ್ಪ ನಿಬ್ಬಿನ ಗೆರೆ

ಮುದುಕಿಯ ಬೆರಳು ನಕಾಶೆಯ ಮೇಲೆ ತನ್ನ ಬೀದಿಯನ್ನು ಹುಡುಕುತ್ತಲೇ ಇತ್ತು. "ನಾವು ಯಾವ ಕಡೆಗೆ ಬರ್ತೀವಪ್ಪಾ? ಆ ದಡದೋರೂ ನಮ್ಮೋರಲ್ಲ ಅಂತಾರೆ, ಈ ದಡದೋರೂ ನಮ್ಮೋರಲ್ಲ ಅಂತಾರೆ."

ನಕಾಶೆಗಾರ ಭೂತಗನ್ನಡಿ ಹಿಡಿದು ಬಗ್ಗಿದ. ಎರಡು ಧರ್ಮದವರ ಹೊಡೆದಾಟ ಹಾವೂ ಸಾಯದೆ ಕೋಲೂ ಮುರಿಯದೆ ನಿಲ್ಲಲೆಂದು ಹೊಳೆಯ ಉದ್ದಕ್ಕೂ ಗಡಿ ಎಳೆದವನು ಅವನೇ. ಅಂದು ಸಣ್ಣ ನಿಬ್ಬು ಮುರಿದಿತ್ತು. ತಲೆನೋವು ಕಳೆದರೆ ಸಾಕೆಂದು ದಪ್ಪ ನಿಬ್ಬಿನಲ್ಲೇ ಎಳೆದುಬಿಟ್ಟಿದ್ದ. ಹೊಳೆಯಂಚಿನ ಆ ಬೀದಿ ಇಡಿಯಾಗಿ ಮಸಿಯಡಿ ಮುಚ್ಚಿಹೋಗಿತ್ತು.

"ನೀವು ಗೆರೆಯೊಳಗೇ ಇದ್ದೀರಮ್ಮ," ಎಂದ. ಭೂತಗನ್ನಡಿ ಕೆಳಗಿಟ್ಟ. "ತಪ್ಪು ನಂದೇ."

ಮುದುಕಿ ಬೈಯಲಿಲ್ಲ. ಬೆರಳನ್ನು ಗೆರೆಯ ಮೇಲಿಂದ ತೆಗೆಯಲೂ ಇಲ್ಲ.

"ಹಾಗಾದ್ರೆ ನಮ್ಮ ಯಜಮಾನ್ರನ್ನ ಎಲ್ಲಿ ಮಣ್ಣು ಮಾಡ್ಲಿ ಮಗಾ? ನಿನ್ನೆಯಿಂದ ಮನೇಲೇ ಮಲಗಿಸಿದ್ದೀನಿ."