ಹಸಿ ನೆಲ

ಗಾಲಿಕುರ್ಚಿ ಮೂರು ಮೆಟ್ಟಿಲುಗಳ ಮುಂದೆ ಬಂದು ನಿಂತಿತು. ಕೆಳಗೆ ನದಿಯ ದಂಡೆಗೆ ಹಾಸುಬಂಡೆ, ಬಂಡೆಯ ಸುತ್ತ ಹಗ್ಗ. ಹಗ್ಗದಾಚೆ, ಕೋಟ್ಯಂತರ ವರ್ಷಗಳ ಹಿಂದೆ ಯಾವುದೋ ಎರಡು ಕಾಲಿನ ಪ್ರಾಣಿ ಕೆಸರು ತುಳಿದು ಹೋದ ಗುರುತು. ಕೆಸರು ಕಲ್ಲಾಗಿತ್ತು; ಹೆಜ್ಜೆ ಹಾಗೇ ಉಳಿದಿತ್ತು.

“ನೀವು ನೋಡ್ಕೊಂಡು ಬನ್ನಿ. ನಾನು ಇಲ್ಲೇ ಇರ್ತೀನಿ,” ಎಂದಳು ಕುರ್ಚಿಯಲ್ಲಿದ್ದ ಹೆಂಡತಿ.

“ಮೂರೇ ಮೆಟ್ಟಿಲು ಕಣೇ.”

“ಮೆಟ್ಟಿಲು ಮೂರೇ. ಜನ ಎಷ್ಟಿದ್ದಾರೆ ನೋಡಿದ್ರಾ?”

ಗಾರೆ ಮೇಸ್ತ್ರಿ ವಾದಕ್ಕಿಳಿಯಲಿಲ್ಲ. ಹೆಂಡತಿಯ ಮುರಿದ ಎಡಸೊಂಟದ ಮೂಳೆ ಕೂಡಿಕೊಂಡಿದೆ, ಇನ್ನು ನಡೆಯದಿದ್ದರೆ ಕಾಲು ನಡೆಯುವುದನ್ನೇ ಮರೆಯುತ್ತದೆ ಎಂದು ಡಾಕ್ಟರು ಹೇಳಿ ಎರಡು ತಿಂಗಳಾಗಿತ್ತು. ಆದರೆ ಅವಳು ಶಾಲೆಯಲ್ಲಿ ಡ್ರಿಲ್ ಟೀಚರಾಗಿದ್ದವಳು. ಮೂವತ್ತು ವರ್ಷ “ನೆಟ್ಟಗೆ ನಡೀರೋ” ಎಂದು ಗದರಿದ ಬಾಯಿಗೆ, ನಾಲ್ಕು ಜನರೆದುರು ಕುಂಟುವುದು ನುಂಗಲಾರದ ತುತ್ತು. ಊರುಗೋಲು ಮಡಿಲಲ್ಲಿ ಹಾಯಾಗಿ ಮಲಗಿತ್ತು. ಪ್ರತಿ ಭಾನುವಾರ ಮೇಸ್ತ್ರಿ ಅವಳನ್ನು ಒಂದೊಂದು ಕಡೆ ತಳ್ಳಿಕೊಂಡು ಹೋಗಿ, ಪ್ರತಿ ಭಾನುವಾರ ಕುರ್ಚಿ ಸಮೇತ ವಾಪಸು ತಂದಿದ್ದ.

ಅವನೊಬ್ಬನೇ ಇಳಿದು, ಕಸುಬಿನ ಅಭ್ಯಾಸಕ್ಕೆ ಕುಕ್ಕರುಗಾಲಲ್ಲಿ ಕೂತ. “ನೆಲ ಹಾಕಿದವನು ಆರೋ ತನಕ ಕಾವಲಿರಬಾರದಾ? ನಾನಾಗಿದ್ರೆ ಕರಣೆ ಆಡಿಸಿ ಎಲ್ಲಾ ಅಳಿಸಿಬಿಡ್ತಿದ್ದೆ!” ಎಂದು ಕೂಗಿ ಹೇಳಿದ. ಆಮೇಲೆ ಅವನ ನಗು ನಿಂತಿತು. ಇನ್ನಷ್ಟು ಬಗ್ಗಿದ.

“ಟೀಚರಮ್ಮ, ಇದು ಕುಂಟ್ತಾ ಇತ್ತು.”

“ಯಾವ ಕಾಲು?”

“ಎಡಗಾಲು.”

“ನನ್ನದೂ ಎಡಗಾಲೇ. ಚೆನ್ನಾಗಿ ಕಥೆ ಕಟ್ತೀರಿ.”

“ನನ್ನ ಕರಣೆ ಮೇಲಾಣೆ! ಬಲಗಾಲು ಆಳಕ್ಕೆ ಊರಿದೆ. ಎಡದ್ದು ಮೇಲೆಮೇಲೇ ಕೂತು, ಬೆರಳು ಎಳೆದಿದೆ.”

ಹಗ್ಗದ ಬಳಿ ನಿಂತಿದ್ದ ಕಾವಲುಗಾರನಿಗೆ ಸುಮ್ಮನಿರಲಾಗಲಿಲ್ಲ. “ಬಂಡೆ ಸವೆದಿರಬೇಕು ಸಾರ್. ಕುಂಟಿತ್ತು ಅಂತ ಬೋರ್ಡಲ್ಲಿ ಬರೆದಿಲ್ಲ.”

“ನೆಲದ ವಿಷಯದಲ್ಲಿ ನಮ್ಮನೆಯವರು ಸುಳ್ಳು ಹೇಳಲ್ಲಪ್ಪ,” ಮೇಲಿನಿಂದ ಏಟಿನಂತೆ ಬಂತು ಉತ್ತರ. “ಮಿಕ್ಕಿದ್ದಕ್ಕೆ ನಾನು ಜವಾಬ್ದಾರಳಲ್ಲ.” ಕುರ್ಚಿಯಿಂದ ಮುಂದಕ್ಕೆ ಬಾಗಿ, “ಎಷ್ಟು ಹೆಜ್ಜೆ ಇದೆ ರೀ?”

ಮೇಸ್ತ್ರಿ ಹಗ್ಗದ ಪಕ್ಕದಲ್ಲೇ ನೀರಿನವರೆಗೆ ಎಣಿಸುತ್ತಾ ಹೋಗಿ, ಹಿಂದಿರುಗಿ ಮತ್ತೆ ಕುಕ್ಕರುಗಾಲಲ್ಲಿ ಕೂತ. “ಮೂವತ್ತೊಂದು. ಉದ್ದಕ್ಕೂ ಕುಂಟಿಕೊಂಡೇ.”

“ಮಧ್ಯ ಎಲ್ಲೂ ನಿಂತಿಲ್ವಾ?”

“ನಿಂತಿದ್ರೆ ಪಾದ ಜೋಡಿಯಾಗಿ ಕೂತಿರ್ತಿತ್ತು. ನಿಂತಿಲ್ಲ. ಸೀದಾ ನೀರಿಗೆ ಹೋಗಿದೆ.”

“ನಿಮ್ಮ ಎಣಿಕೆ ನನಗೆ ಗೊತ್ತಿಲ್ವಾ,” ಎಂಬ ಮಾತಿನ ಹಿಂದೆಯೇ ಊರುಗೋಲು ಕಲ್ಲಿಗೆ ತಾಗಿದ ಸದ್ದು ಕೇಳಿತು. ಮೇಸ್ತ್ರಿ ಎದ್ದು ಓಡಬೇಕೆಂದವನು ಹಲ್ಲು ಕಚ್ಚಿ ಕೂತು, ಬಂಡೆಯಲ್ಲಿ ಏನೋ ಹುಡುಕುವವನಂತೆ ತಲೆ ತಗ್ಗಿಸಿದ. ಒಂದು ಮೆಟ್ಟಿಲು. ಎರಡು. ಮೂರನೆಯದಕ್ಕೆ ತುಸು ಹೆಚ್ಚು ಹೊತ್ತು ಹಿಡಿಯಿತು. ಜನ ನೋಡಿದರು, ಅವಳು ಮಾತ್ರ ಜನರನ್ನು ನೋಡಲಿಲ್ಲ. ಕಣ್ಣು ಹಗ್ಗದಾಚೆಯ ಹೆಜ್ಜೆಗಳ ಮೇಲಿತ್ತು, ಬಾಯಿ ಮೈದಾನದ ಹಳೇ ಲೆಕ್ಕದಲ್ಲಿತ್ತು: “ಎಡ... ಬಲ... ಎಡ...”

ನೀರಿನಂಚಿನಿಂದ ಕೂಗು ಬಂತು. “ಮೂವತ್ತೆರಡು ರೀ! ಒಂದು ಬಿಟ್ಟಿದ್ದೀರಿ!”

ಮೇಸ್ತ್ರಿ ಆಗ ತಲೆಯೆತ್ತಿದ. ಹಗ್ಗದ ಈಚೆ, ನದಿ ಇಳಿದು ಬಿಟ್ಟುಹೋದ ನುಣ್ಣನೆಯ ಮೆಕ್ಕಲು ಹಾಸಿಕೊಂಡಿತ್ತು. ಅದರ ಮೇಲೆ ಆಳಕ್ಕೆ ಊರಿದ ಬಲಪಾದ, ಬೆರಳೆಳೆದ ಎಡಪಾದ, ಪಕ್ಕದಲ್ಲಿ ಊರುಗೋಲಿನ ದುಂಡು ಗುಳಿಗಳ ಸಾಲು. ಸಮ ಮಾಡಲು ಅವನ ಬಲಗೈ ತನ್ನಷ್ಟಕ್ಕೇ ಮುಂದೆ ಬಂತು. ಬಂದಷ್ಟೇ ಬೇಗ ಹಿಂದೆ ಹೋಯಿತು.

ಅವನು ಕಾವಲುಗಾರನ ಕಡೆ ತಿರುಗಿದ.

“ಹಗ್ಗ ಇನ್ನೂ ಸ್ವಲ್ಪ ಇದೆಯೇನಪ್ಪಾ?”