ಸೆರಗಿನ ಮೈಕು

ಬೆನ್ನಿಗೆ ಚೀಲ ಹೊತ್ತು ನೇಪಾಳದ ಬೆಟ್ಟ ಹತ್ತಿ ಬಂದ ಸಿನಿಮಾ ವಿದ್ಯಾರ್ಥಿಗಳ ಮುಂದೆ, ಭೂಕುಸಿತದಲ್ಲಿ ಮಗನನ್ನು ಕಳೆದುಕೊಂಡ ಅಜ್ಜಿ ಕೂತಿದ್ದಳು. ಏನು ಕೇಳಿದರೂ ಸಮಾಧಾನವಾಗಿಯೇ ಉತ್ತರಿಸುತ್ತಿದ್ದಳು.

"ಹೆಣ ಸಿಕ್ಕಿದ್ದನ್ನ ಇನ್ನೊಂದ್ಸಲ ಕೇಳು," ಎಂದ ನಿರ್ದೇಶಕ ಪ್ರಣೀತ್.

"ನನ್ನಿಂದಾಗಲ್ಲ," ಎಂದಳು ಭಾಷಾಂತರಿಸುತ್ತಿದ್ದ ಸಹಪಾಠಿ, ನೇಪಾಳದವಳೇ ಆದ ಸಬಿನಾ.

"ಅಜ್ಜಿ ಅಳದಿದ್ರೆ ಇಷ್ಟು ದೂರ ಬಂದಿದ್ದೇ ದಂಡ ಕಣೆ."

ಅಜ್ಜಿ ನೀರು ಕುಡಿಯಲು ಒಳಗೆ ಹೋದಳು. ಸೆರಗಿಗೆ ಸಿಕ್ಕಿಸಿದ್ದ ಮೈಕು ಹಾಗೇ ಇತ್ತು. ಪ್ರಣೀತನ ಹೆಡ್‌ಫೋನಿನಲ್ಲಿ ಅವಳ ಮಾತು ಕೇಳಿಸಿತು. ಅವನು ಅದನ್ನು ಸಬಿನಾಳ ಕಿವಿಗಿಟ್ಟ.

"ಏನಂತೆ?"

ಸಬಿನಾ ಅವನತ್ತ ನೋಡಲಿಲ್ಲ.

"ಸೊಸೆಗೆ ಹೇಳ್ತಿದಾರೆ. ಅನ್ನಕ್ಕಿಡು, ಪಾಪ ಈ ಮಕ್ಕಳು ಬೆಳಗ್ಗೆಯಿಂದ ಏನೂ ತಿಂದಿಲ್ಲ, ನಾನು ಬೇಗ ಅತ್ತು ಮುಗಿಸ್ತೀನಿ ಅಂತ."